ಸೊಕ್ಕು, ಮೂಗು ಮತ್ತು ಯಾಣ

ಇಲಾಖಾ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಉಳಿಯುವುದು ಎರಡೇ ದಾರಿ: ಓದುವುದು, ಇಲ್ಲವೇ ಓದದೆ ಪಾಸಾಗುವ ಉಪಾಯ ಹುಡುಕುವುದು. ನಾನು ಎರಡನೆಯದಕ್ಕೆ ಕೈಹಾಕಿದೆ.

ಉಪಾಯ ಪತ್ರಿಕೆಯೊಂದರಲ್ಲಿ ಸಿಕ್ಕಿತು. ಕಣ್ಣು ಕಿವಿಗಳ ಸುದ್ದಿಯೆಲ್ಲ ಮಿದುಳಿನ ಥಲಾಮಸ್ ಎಂಬ ಟಪಾಲು ಶಾಖೆಯಲ್ಲಿ ಮುದ್ರೆ ಒತ್ತಿಸಿಕೊಂಡೇ ಮುಂದೆ ಹೋಗಬೇಕಂತೆ. ವಾಸನೆ ಮಾತ್ರ ಸಾಹೇಬರ ನೆಂಟನ ಹಾಗೆ, ನೆನಪು ಮತ್ತು ಭಾವನೆಗಳ ಕೋಣೆಗೆ ನೇರ ನುಗ್ಗುತ್ತದಂತೆ. 2003ರಲ್ಲಿ ಇಂಗ್ಲೆಂಡಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದವರು 144 ಜನರಲ್ಲಿ ಕೆಲವರನ್ನು ರೋಸ್‌ಮರಿ, ಕೆಲವರನ್ನು ಲ್ಯಾವೆಂಡರ್ ಪರಿಮಳದಲ್ಲಿ, ಉಳಿದವರನ್ನು ಏನೂ ಇಲ್ಲದೆ ಕೂರಿಸಿ ಜ್ಞಾಪಕಶಕ್ತಿ ಅಳೆದಿದ್ದರು. ಇಷ್ಟು ಓದಿದ್ದೇ ತಡ, ಫಲಿತಾಂಶದ ಪ್ಯಾರಾ ಮುಟ್ಟುವ ಮೊದಲೇ ಲ್ಯಾವೆಂಡರ್ ಎಣ್ಣೆ ತರಿಸಿದೆ. ಅರ್ಧ ಓದಿ ಎದ್ದುಬಿಡುವ ಈ ಚಾಳಿಯಿಂದಲೇ ಎರಡು ಸಲ ಫೇಲಾದದ್ದು.

ಜಾಗವೂ ಹಿತವಾಗಿರಲೆಂದು ಕುಮಟೆಯ ಅಕ್ಕನ ಮನೆಗೆ ಹೋದೆ. "ಯಾಣದಲ್ಲಿ ಕೂತು ಓದ್ತೇನೆ" ಎಂದೆ. ಭಾವ ಕವಳ ಉಗುಳಿ ಬಂದು ಹೇಳಿದ: "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಹೇಳಿ ಗಾದೆ ಇದ್ದು ಮಾರಾಯಾ. ನಿಂಗೆ ರೊಕ್ಕ ಇಲ್ಲೆ ಹೇಳಿ ಗೊತ್ತಿತ್ತು. ಸೊಕ್ಕಿದ್ದು ಹೇಳಿ ಇವತ್ತು ಗೊತ್ತಾತು."

ಅಕ್ಕ ಭೈರವೇಶ್ವರನಿಗೆಂದು ಎರಡು ಮೊಳ ಭಟ್ಕಳ ಮಲ್ಲಿಗೆ, ನಾಲ್ಕು ಬಾಳೆಹಣ್ಣು ಕೊಟ್ಟಳು. ದೇವರಿಗೆ ಒಂದು ಮೊಳ, ಎರಡು ಹಣ್ಣು ಸಾಕೆಂದು ಉಳಿದದ್ದನ್ನು ನನ್ನ ಅಧ್ಯಯನಕ್ಕೆ ಇಟ್ಟುಕೊಂಡೆ.

ಭಾವನ ಜೊತೆ ಕಾಡು ದಾಟಿ ಮೇಲೇರಿದರೆ 120 ಮೀಟರಿನ ಭೈರವೇಶ್ವರ ಶಿಖರ, ಆಚೆ 90 ಮೀಟರಿನ ಮೋಹಿನಿ ಶಿಖರ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದ ಜಾಗ. ಅಲ್ಲಿನ ಕರಿಮಣ್ಣು ಆ ಬೂದಿಯೇ ಎನ್ನುತ್ತಾರೆ. ಗುಹೆಯೊಳಗೆ ಕೂರೋಣವೆಂದರೆ ಬಾವಲಿಗಳ ವಾಸನೆ. ಅದೂ ನೇರ ಮಿದುಳಿಗೇ ನುಗ್ಗಿತು.

ಹೊರಬಂದು ಬಂಡೆಯ ಬುಡದಲ್ಲಿ ಕೂತೆ. ಹಣೆಗೆ, ಕುತ್ತಿಗೆಗೆ, ಪುಸ್ತಕದ ಅಂಚಿಗೆ ಲ್ಯಾವೆಂಡರ್ ಹಚ್ಚಿದೆ. ಮಲ್ಲಿಗೆ ಅಂಗಿಯ ಜೇಬಿನಲ್ಲಿ. ಬಾಳೆಹಣ್ಣು ಸುಲಿದು 'ಪ್ರಯಾಣ ಭತ್ಯೆ' ಅಧ್ಯಾಯ ತೆರೆದೆ. ಮೇಲೆ ಬಂಡೆಗೆ ಜೋತುಬಿದ್ದಿದ್ದ ಕಪ್ಪು ಗಂಟುಗಳನ್ನು ಕಲ್ಲಿನದೇ ಶಿಲ್ಪವೆಂದು ಮೆಚ್ಚಿಕೊಂಡೆ.

ಶಿಲ್ಪದಿಂದ ಒಂದು ಹೆಜ್ಜೇನು ಇಳಿದು ಬಂದು ಜೇಬಿನ ಮಲ್ಲಿಗೆಯನ್ನು ವಿಚಾರಿಸಿತು. ನಾನು ನಿಯಮಾವಳಿಯಿಂದ ಬೀಸಿದೆ. ಅದು ಕುಟುಕಿತು. ಜೇನು ಕುಟುಕಿದ ಜಾಗದಲ್ಲಿ ಬಳಗವನ್ನು ಕರೆಯುವ ವಾಸನೆಯೊಂದನ್ನು ಬಿಡುತ್ತದೆ, ಅದು ಥೇಟ್ ಬಾಳೆಹಣ್ಣಿನ ವಾಸನೆ ಎಂದು ಆಮೇಲೆ ಓದಿದೆ. ನನ್ನ ಕೈಯಲ್ಲಿದ್ದದ್ದೂ ಅದೇ. ಎರಡರಲ್ಲಿ ಯಾವ ಕರೆಗೆ ಓಗೊಟ್ಟವೋ, ಬಳಗವಂತೂ ಬಂತು.

"ಕೈ ಬೀಸಡ ಮಾರಾಯಾ, ಓಡು!" ಭಾವ ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದ. ನಾನು ಭಸ್ಮಾಸುರನಂತೆ ಎರಡೂ ಕೈ ನನ್ನ ತಲೆಯ ಮೇಲೇ ಇಟ್ಟುಕೊಂಡು ಹಿಂದೆ ಓಡಿದೆ.

ಮನೆಯಲ್ಲಿ ಅಕ್ಕ ಉಗುರಿನಿಂದ ಕೆರೆದು ಏಳು ಮುಳ್ಳು ತೆಗೆದಳು. ಭಾವನ ಕವಳದ ತಟ್ಟೆಯ ಸುಣ್ಣವೆಲ್ಲ ನನ್ನ ಹಣೆಗೆ ಖರ್ಚಾಗಿ, ಆ ರಾತ್ರಿ ಅವನಿಗೆ ಕವಳವಿಲ್ಲ. ಒಂದೇ ಕಣ್ಣು ತೆರೆಯುತ್ತಿತ್ತು. ಅದರಲ್ಲೇ ಲೇಖನದ ಉಳಿದರ್ಧ ಓದಿದೆ. ನೆನಪು ಚುರುಕಾಗಿದ್ದು ರೋಸ್‌ಮರಿಯವರಿಗೆ. ಲ್ಯಾವೆಂಡರಿನವರ ತತ್ಕಾಲದ ನೆನಪು ಮಂಕಾಗಿತ್ತು.

ಆದರೂ ಎಣ್ಣೆಗೆ ಕೊಟ್ಟ ದುಡ್ಡು ಬಿಡಲಾದೀತೇ? ಯಾವ ವಾಸನೆಯಲ್ಲಿ ಕಲಿತೆವೋ ಅದೇ ವಾಸನೆ ಬಂದರೆ ಕಲಿತದ್ದು ನೆನಪಾಗುತ್ತದೆ ಎಂದೂ ಬರೆದಿತ್ತು. ಲ್ಯಾವೆಂಡರ್ ಹಚ್ಚಿದ ಕರವಸ್ತ್ರ ಹಿಡಿದು ಮೂರನೇ ಸಲ ಪರೀಕ್ಷೆಗೆ ಕೂತೆ. ಮೊದಲ ಪ್ರಶ್ನೆಯೇ ಪ್ರಯಾಣ ಭತ್ಯೆ! ಕರವಸ್ತ್ರ ಮೂಗಿಗೆ ಒತ್ತಿದೆ. ವಿಜ್ಞಾನ ಸುಳ್ಳಾಗಲಿಲ್ಲ. ಕರಿಬಂಡೆ, ಗುಂಯ್ ಎಂಬ ಸದ್ದು, ಅಕ್ಕನ ಉಗುರು, ಸುಣ್ಣದ ಉರಿ, ಎಲ್ಲವೂ ಒಂದೂ ಬಿಡದೆ ನೆನಪಾದವು. ನಿಯಮ ಮಾತ್ರ ಒಂದೂ ಇಲ್ಲ.

ಮೇಲ್ವಿಚಾರಕರು ಬಂದು ಉತ್ತರಪತ್ರಿಕೆಗೆ ಬಗ್ಗಿ ನೋಡಿದರು. 'ಪ್ರ' ಎಂದು ಬರೆದಿದ್ದೆ. ಮುಂದಿನ ಎರಡಕ್ಷರಕ್ಕೆ ಕೈ ಪೆನ್ನು ಬಿಟ್ಟು, ತಾನಾಗಿ ತಲೆಯ ಮೇಲೆ ಹೋಗಿ ಕೂತಿತ್ತು.