ಐವತ್ತು ನಿಮಿಷದ ರೂಟ್ ಕೆನಾಲ್

ಮನೆಯವರಿಗೆ ಗೊತ್ತಾಗದ ಹಾಗೆ ಮನಃಶಾಸ್ತ್ರಜ್ಞರ ಹತ್ತಿರ ಹೋಗಬೇಕು ಅಂದುಕೊಂಡಿರುವವರಿಗೆ ನನ್ನದೊಂದು ಸಲಹೆ: ನೆಪಕ್ಕೆ ಹಲ್ಲನ್ನು ಹಿಡಿಯಬೇಡಿ. ಸೊಂಟನೋವು ಆಗಬಹುದು. ಮೂಲವ್ಯಾಧಿಯಂತೂ ಬಹಳ ಉತ್ತಮ, ಯಾರೂ ವಿವರ ಕೇಳುವುದಿಲ್ಲ. ಹಲ್ಲು ಮಾತ್ರ ಬೇಡ. ಅದು ಬಾಯಲ್ಲೇ ಇರುತ್ತದೆ. ನೀವು ಸುಳ್ಳು ಹೇಳಲು ಬಾಯಿ ತೆರೆದಾಗಲೇ ಹೊರಗೆ ಕಾಣಿಸಿಕೊಳ್ಳುತ್ತದೆ.

ಹಾಗಿದ್ದೂ ನಾನು ಹಲ್ಲನ್ನೇ ಆರಿಸಿಕೊಂಡದ್ದಕ್ಕೆ ಲೆಕ್ಕಾಚಾರವಿತ್ತು. ಭದ್ರಾವತಿಯ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು ನಾನು. ವಾರವಾರ ಹೋಗಬೇಕು, ಹೋದರೆ ಹತ್ತಿರ ಹತ್ತಿರ ಒಂದು ಗಂಟೆ ಕೂರಬೇಕು, ಮೈಮೇಲೆ ಗಾಯ ಕಾಣಬಾರದು, ದುಡ್ಡು ಕೈಬಿಡಬೇಕು, ಇಷ್ಟಾಗಿಯೂ ಇನ್ನೊಂದು ಸಲ ಬನ್ನಿ ಎನ್ನಬೇಕು. ಈ ಎಲ್ಲ ಷರತ್ತಿಗೂ ಕೂಡಿಬರುವುದು ರೂಟ್ ಕೆನಾಲ್ ಒಂದೇ.

ಕಾಯಿಲೆ ಏನೆಂದರೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು. ಸಂಜೆ ನಮ್ಮ ಕಾರ್ಯದರ್ಶಿಗಳು ಮನೆಗೆ ಹೊರಡುತ್ತ, "ನಾಳೆ ನಿಮ್ಹತ್ರ ಒಂದ್ ವಿಷಯ ಮಾತಾಡ್ಬೇಕಿತ್ತು" ಅಂದರೆ ಮುಗಿಯಿತು. ಮೂರಕ್ಕೆ ಇಲಾಖಾ ವಿಚಾರಣೆ ಶುರುವಾಗಿ, ಮೂರೂವರೆಗೆ ನಾನು ಅಮಾನತಾಗಿ, ನಾಲ್ಕಕ್ಕೆ ಪತ್ರಿಕೆಯಲ್ಲಿ ಫೋಟೋ ಬಂದು, ಹಾಲಿನವನು ಗೇಟು ತೆಗೆಯುವ ಹೊತ್ತಿಗೆ ಹೆಂಡತಿ ಮಕ್ಕಳು ಬೀದಿಪಾಲಾಗಿರುತ್ತಾರೆ. ಮಾರನೇ ದಿನ ಕಾರ್ಯದರ್ಶಿಗಳು ಕರೆದು ಕೇಳಿದ್ದು, ಹಲಸಿನ ಹಪ್ಪಳ ಎಲ್ಲಿಂದ ತರಿಸುತ್ತೀರಿ ಎಂದು.

ನಮ್ಮೂರಲ್ಲಿ ಇಂಥದ್ದನ್ನು ಹೇಳಿಕೊಳ್ಳುವುದೂ ಕಷ್ಟ. 1918ರಲ್ಲಿ ಕಾರ್ಖಾನೆಗೆ ಬುನಾದಿ ಹಾಕಿ, 1923ರಿಂದ ಕಬ್ಬಿಣ ಕರಗಿಸಿದ ಊರು ಇದು. ನಮ್ಮಪ್ಪ ಕುಲುಮೆಯ ಮುಂದೆ ದುಡಿದವರು. ನಿದ್ದೆ ಬರದವನಿಗೆ ಅವರ ಬಳಿ ಇದ್ದ ಔಷಧ ಒಂದೇ: ನೈಟ್ ಶಿಫ್ಟು.

ಕೊನೆಗೊಂದು ರಾತ್ರಿ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ಕಡೆಯ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಸರ್, ನಿಮ್ಮಲ್ಲಿ ತುಂಬಾ ಮಳೆನಾ?" ಎಂದಳು. ನಲ್ಲಿ ನಿಲ್ಲಿಸಿದೆ. ಹತ್ತಿರದಲ್ಲಿ ಯಾರನ್ನಾದರೂ ಮುಖತಃ ಕಂಡರೆ ಒಳ್ಳೆಯದು ಎಂದಳು.

ಹತ್ತಿರ ಎಂದರೆ ಭದ್ರಾವತಿಯಲ್ಲೇ ಆಗಬಹುದಿತ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲೆಂದು ಕರ್ನಾಟಕ ಸರ್ಕಾರ 'ಮನೋಚೈತನ್ಯ' ಅಂತ ಕಾರ್ಯಕ್ರಮವನ್ನೇ ಮಾಡಿದೆ. ಆದರೆ ಅಲ್ಲಿ ಚೀಟಿ ಹಿಡಿದು ನಿಂತರೆ ನಮ್ಮ ಸಂಘದ ವಾರ್ಷಿಕ ಮಹಾಸಭೆಗೆ ಬರದವರೆಲ್ಲ ಎದುರಾಗುತ್ತಾರೆ. ಹಾಗಾಗಿ ಶಿವಮೊಗ್ಗ. ನಡುವೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಒಂದು ಮಾಚೇನಹಳ್ಳಿ, ಒಂದು ಮಲವಗೊಪ್ಪ, ಒಂದು ತುಂಗಾ ಸೇತುವೆ. ಗುಟ್ಟಿಗೆ ಅಷ್ಟು ಸಾಕು ಎಂದುಕೊಂಡೆ. ಶಿವಮೊಗ್ಗದವರು ಇದೇ ಕಾರಣಕ್ಕೆ ದಾವಣಗೆರೆಗೋ ಬೆಂಗಳೂರಿಗೋ ಹೋಗುತ್ತಾರಂತೆ. ದಾವಣಗೆರೆಯವರು ಎಲ್ಲಿಗೆ ಹೋಗುತ್ತಾರೋ ದೇವರಿಗೇ ಗೊತ್ತು. ಹಾಗೆ ನೋಡಿದರೆ ಶಿವಮೊಗ್ಗದವರಿಗೆ ನಾಚಿಕೆ ಇರಲೇಬಾರದು. ಡಾ. ಅಶೋಕ್ ಪೈ ಅಲ್ಲೇ ಕೂತು ವರ್ಷಾನುಗಟ್ಟಲೆ ರೋಗಿಗಳನ್ನು ನೋಡಿದರು, ಮನಸ್ಸಿನ ಬಗ್ಗೆ ಕನ್ನಡದಲ್ಲಿ ಬರೆದರು. ಅವರ ಕಥೆಯನ್ನೇ ಇಟ್ಟುಕೊಂಡು ಸುರೇಶ್ ಹೆಬ್ಳೀಕರ್ 1988ರಲ್ಲಿ ಮಾಡಿದ 'ಕಾಡಿನ ಬೆಂಕಿ' ರಾಷ್ಟ್ರಪ್ರಶಸ್ತಿ ತಂದಿತು.

ನನ್ನ ಮನಃಶಾಸ್ತ್ರದ ಜ್ಞಾನವೂ ಸಿನಿಮಾದ್ದೇ. 'ಶರಪಂಜರ'ದಲ್ಲಿ ಕಲ್ಪನಾ ಗುಣವಾಗಿ ಬಂದವಳು ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. 'ಮಾನಸ ಸರೋವರ'ದಲ್ಲಿ ರೋಗಿ ಹುಷಾರಾಗಿ ಡಾಕ್ಟರಿಗೇ ಹುಚ್ಚು ಹಿಡಿಯುತ್ತದೆ. 'ಆಪ್ತಮಿತ್ರ'ದಲ್ಲಿ ವಿಷ್ಣುವರ್ಧನ್ ಅಷ್ಟು ದೊಡ್ಡ ಮನೋವೈದ್ಯರಾಗಿದ್ದರೂ ನಾಗವಲ್ಲಿಯನ್ನು ಬಿಡಿಸಲು ಕೊನೆಗೆ ಪೂಜೆ, ರಂಗೋಲಿಯ ಸೆಟ್ಟು ಹಾಕಿಸಬೇಕಾಯಿತು. ಹೀಗಾಗಿ ನನ್ನನ್ನು ಉದ್ದದ ಸೋಫಾದ ಮೇಲೆ ಮಲಗಿಸಿ, ಕಣ್ಣ ಮುಂದೆ ಗಡಿಯಾರ ಆಡಿಸಿ, ಹಿಂದಿನ ಜನ್ಮದ ನಾಗವಲ್ಲಿಯನ್ನು ಎಬ್ಬಿಸುತ್ತಾರೆಂದು ಒಗೆದ ಬನಿಯನ್ನು ಹಾಕಿಕೊಂಡೇ ಹೋಗಿದ್ದೆ.

ಸೋಫಾ ಇರಲಿಲ್ಲ. ಎರಡು ಕುರ್ಚಿ, ಒಂದು ಟೀಪಾಯಿ, ಅದರ ಮೇಲೆ ಟಿಶ್ಯೂ ಡಬ್ಬಿ. ಗಡಿಯಾರ ಇತ್ತು, ನನ್ನ ಬೆನ್ನ ಹಿಂದೆ. ಮೇಡಂಗೆ ಮಾತ್ರ ಕಾಣುವ ಹಾಗೆ. ಮೇಡಂ ನನ್ನ ದೊಡ್ಡ ಮಗಳಿಗಿಂತ ನಾಲ್ಕೈದು ವರ್ಷ ಹಿರಿಯರಿರಬಹುದು. ಮೊದಲು ಒಂದು ಕಾಗದ ಕೊಟ್ಟು ಓದಿ ಸಹಿ ಹಾಕಿ ಎಂದರು. ಇಲ್ಲಿ ಹೇಳಿದ್ದು ಗೋಪ್ಯವಾಗಿರುತ್ತದೆ, ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗಬಹುದು, ಎಂದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಗೋಪ್ಯತೆಯ ಹಕ್ಕಿದೆ ಸರ್ ಎಂದರು. "ಮನೆಯವ್ರು ಬಂದು ಕೇಳಿದ್ರೂ?" "ನೀವು ಒಪ್ಪದೆ ಹೇಳಲ್ಲ." "ಹೆಂಡತಿ ಕೇಳಿದ್ರೂ?" "ಹೇಳಲ್ಲ ಸರ್." ಇಂಥ ಕಾನೂನು ಮಾಡಿದ ಪಾರ್ಲಿಮೆಂಟಿನ ಮೇಲೆ ನನಗೆ ಬಹಳ ಗೌರವ ಬಂತು.

ಆಮೇಲೆ ಒಂದು ಪ್ರಶ್ನೆಪತ್ರಿಕೆ. ಏಳು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು, ಒಟ್ಟು 21. ಕಳೆದ ಎರಡು ವಾರದಲ್ಲಿ ಎಷ್ಟು ಚಿಂತೆ, ಎಷ್ಟು ಚಡಪಡಿಕೆ ಎಂದು ಗುರುತು ಹಾಕಬೇಕು. ಪಾಸಾಗಲು ಎಷ್ಟು ಬೇಕು ಎಂದೆ. ಪಾಸು ಫೇಲು ಇಲ್ಲ ಎಂದರು. ನನಗೆ ಬಂದದ್ದು ಹನ್ನೊಂದು, ಅಂದರೆ ಮಧ್ಯಮ ಪ್ರಮಾಣದ ಆತಂಕ. ಇಷ್ಟು ವರ್ಷ ನಿದ್ದೆಗೆಟ್ಟಿದ್ದಕ್ಕೆ ಸೆಕೆಂಡ್ ಕ್ಲಾಸು.

ನಿಜವಾದ ಕಷ್ಟ ಮೌನದ್ದು. ಮೇಡಂ ಒಂದು ಪ್ರಶ್ನೆ ಕೇಳಿ, ನಾನು ಉತ್ತರಿಸಿದ ಮೇಲೂ ಸುಮ್ಮನೆ ನೋಡುತ್ತಿದ್ದರು. ಮಲೆನಾಡಿನವರಿಗೆ ಎದುರಿಗೆ ಕೂತವರು ಮಾತಾಡದಿದ್ದರೆ ತಡೆಯುವುದಿಲ್ಲ. ಆ ಖಾಲಿ ಜಾಗ ತುಂಬಲು ಅಡಿಕೆ ಧಾರಣೆ, ಕಾಗದ ಕಾರ್ಖಾನೆ ನಿಂತ ಮೇಲೆ ಪೇಪರ್ ಟೌನಿನಲ್ಲಿ ಬೆಳೆದ ಗಿಡಗಂಟಿ, ನನ್ನ ಮದುವೆಯಲ್ಲಿ ಕಡಿಮೆ ಬಿದ್ದ ಹೋಳಿಗೆ, ಎಲ್ಲ ಹೇಳಿದೆ. ಟಿಶ್ಯೂ ಡಬ್ಬಿ ಬೇರೆ ಎದುರಿಗೇ ಇತ್ತು. ಕೊಟ್ಟ ಫೀಸಿಗಾದರೂ ಸ್ವಲ್ಪ ಅಳಬೇಕೇನೋ ಎಂದು ಪ್ರಯತ್ನಪಟ್ಟೆ, ಶೀನು ಬಂತು. ಟೈಮಾಯ್ತು ಸರ್ ಎಂದಾಗ ಎದ್ದು ಬಾಗಿಲ ಹಿಡಿಗೆ ಕೈ ಹಾಕಿದವನ ಬಾಯಿಂದ, "ಅಂದಹಾಗೆ ಮೇಡಂ, ನಮ್ಮಪ್ಪ ಹೋಗಿದ್ದೂ ಬೆಳಗಿನ ಜಾವ ಮೂರಕ್ಕೇ" ಅಂತ ಬಂದುಬಿಟ್ಟಿತು. ಎಲ್ಲಿತ್ತೋ ಅದು. ಮೇಡಂ ಬರೆದುಕೊಂಡರು. "ಮುಂದಿನ ವಾರ ಇಲ್ಲಿಂದ ಶುರು ಮಾಡೋಣ." ಅಸಲು ಮಾತು ಎದ್ದು ಹೊರಡುವಾಗಲೇ ಬರುವುದು ಅವರ ವೃತ್ತಿಯಲ್ಲಿ ದಿನನಿತ್ಯದ ಸಂಗತಿಯಂತೆ.

ಚೀಟಿ ಕೊಡಲಿಲ್ಲ. ಕೇಳಿದ್ದಕ್ಕೆ, ಮಾತ್ರೆ ಬರೆಯುವವರು ಮನೋವೈದ್ಯರು, ಎಂಬಿಬಿಎಸ್ ಮಾಡಿ ಅದರ ಮೇಲೆ ಓದಿದವರು. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಔಷಧ ಬೇಕು ಅನ್ನಿಸಿದರೆ ಅವರ ಹತ್ತಿರ ಕಳಿಸುತ್ತೇನೆ ಎಂದರು. ಒಂದು ಇಂಜೆಕ್ಷನ್ ಇಲ್ಲ, ಎಕ್ಸ್‌ರೇ ಇಲ್ಲ, ಬರಿಗೈಯಲ್ಲಿ ಮೆಟ್ಟಿಲಿಳಿದೆ. ಬರಿಗೈ ಅನ್ನುವುದೂ ತಪ್ಪು, ಹೋಂವರ್ಕ್ ಇತ್ತು.

ಚಿಂತೆ ಬಂದಾಗೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಏನಾಯಿತು, ಏನನ್ನಿಸಿತು, ನೂರಕ್ಕೆ ಎಷ್ಟು ಭಯ, ಅದು ನಿಜವೆನ್ನಲು ಏನು ಆಧಾರ, ಅಲ್ಲವೆನ್ನಲು ಏನು ಆಧಾರ. ಅಮೆರಿಕದ ಆರನ್ ಬೆಕ್ ಎಂಬವರು 1960ರ ದಶಕದಲ್ಲಿ ಕಟ್ಟಿದ ಚಿಕಿತ್ಸೆಯಲ್ಲಿ ಇದೊಂದು ಭಾಗವಂತೆ. ಕಾಲಮ್ ಎಂದರೆ ನನಗೆ ಪ್ರಾಣ. ಜಮಾ ಖರ್ಚು ತಾಳೆ ಮಾಡಿ ಅಡಿಗೆರೆ ಎಳೆಯುವ ಉತ್ಸಾಹದಲ್ಲಿ ಪುಸ್ತಕ ತಂದೆ, ಬೈಂಡು ಹಾಕಿದೆ, ವಾರವಿಡೀ ಮರೆತೆ. ನೆನಪಾದದ್ದು ಬಸ್ಸಿನಲ್ಲಿ. ಮಾಚೇನಹಳ್ಳಿಯಲ್ಲಿ ಸೋಮವಾರ ಬರೆದೆ, ಮಲವಗೊಪ್ಪದಲ್ಲಿ ಗುರುವಾರ ಮುಗಿಯಿತು. ಸೇತುವೆ ದಾಟುವಾಗ ಭಾನುವಾರದ ಭಯಕ್ಕೆ ನೂರಕ್ಕೆ ನಲವತ್ತು ಕೊಟ್ಟೆ. ಮೇಡಂ ಪುಟ ತಿರುಗಿಸಿ ನೋಡಿದರು. "ಸರ್, ಸೋಮವಾರದಿಂದ ಭಾನುವಾರದ ತನಕ ಒಂದೇ ಸಮ ನಿಮ್ಮ ಕೈ ನಡುಗಿದೆಯಲ್ಲ?" ಎಂದರು ಕಾಳಜಿಯಿಂದ. "ಬಸ್ಸು ಮೇಡಂ" ಎಂದೆ.

ಅಲ್ಲಿಂದ ಮುಂದೆ ನಾನು ಸುಳ್ಳು ಬರೆಯಲಿಲ್ಲ, ಆದರೆ ಮನೆಯಲ್ಲಿ ಸುಳ್ಳು ಬೆಳೆಯುತ್ತಿತ್ತು. ದಿನಕ್ಕೆ ಇಪ್ಪತ್ತು ನಿಮಿಷ ಚಿಂತೆಗೆಂದೇ ಮೀಸಲಿಡಿ, ಉಳಿದ ಹೊತ್ತಿನಲ್ಲಿ ಬಂದದ್ದನ್ನು ಆ ಹೊತ್ತಿಗೆ ಮುಂದೂಡಿ ಎಂದಿದ್ದರು. ಸಂಜೆ ಆರಕ್ಕೆ ಜಗಲಿಯಲ್ಲಿ ಕೂತು ಚಿಂತೆ ಮಾಡತೊಡಗಿದೆ. ವಿಚಿತ್ರವೆಂದರೆ, ಕರೆದು ಕೂರಿಸಿದರೆ ಅದು ಬರುವುದೇ ಇಲ್ಲ. "ಯಾಕ್ರೀ ಸುಮ್ನೆ ಕೂತಿದೀರಿ?" ಎಂದಳು ಹೆಂಡತಿ. "ಹಲ್ಲು ಆರ್ಬೇಕು" ಎಂದೆ. ಇನ್ನೊಂದು, ಮೈಯ ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲ ಬಿಡುವ ವ್ಯಾಯಾಮ. ಕಾಲಿನಿಂದ ಶುರುವಾಗಿ ದವಡೆಗೆ ಬರಬೇಕು. ರಾತ್ರಿ ಹಾಸಿಗೆಯಲ್ಲಿ ಹಲ್ಲು ಕಚ್ಚಿ ಕಣ್ಣು ಮುಚ್ಚಿ ಹತ್ತು ಎಣಿಸುತ್ತಿದ್ದವನನ್ನು ನೋಡಿ, "ಪಾಪ, ಎಷ್ಟು ನೋವೋ" ಎಂದು ಅವಳು ಲವಂಗ ತಂದು ದವಡೆಗಿಟ್ಟಳು. ಶಿವಮೊಗ್ಗಕ್ಕೆ ಹೋಗಿ ಬಂದ ದಿನ ಊಟಕ್ಕೆ ಗಂಜಿ ಮಾತ್ರ. ಬಿಸಿಯಿಲ್ಲ, ಖಾರವಿಲ್ಲ, ಕಚ್ಚುವಂಥದ್ದಂತೂ ಇಲ್ಲವೇ ಇಲ್ಲ. ಹಾಗಾಗಿ ವಾಪಸು ಹೊರಡುವ ಮುಂಚೆ ಗಾಂಧಿ ಬಜಾರಿನ ಹತ್ತಿರ ಮೆಣಸಿನಕಾಯಿ ಬಜ್ಜಿ ತಿನ್ನುವುದು ಚಿಕಿತ್ಸೆಯ ಭಾಗವೇ ಆಯಿತು.

ಆಗ ತರೀಕೆರೆಯಿಂದ ಅತ್ತೆ ಬಂದರು. ಬಂದ ಎರಡನೇ ದಿನ ಹೆಂಡತಿ, "ಅಮ್ಮಂಗೂ ಹಲ್ಲುನೋವಂತೆ. ನಿಮ್ಮ ಡಾಕ್ಟ್ರು ಅಷ್ಟೊತ್ತು ಕೂರಿಸ್ಕೊಂಡು ನಿಧಾನಕ್ಕೆ ಮಾಡ್ತಾರಲ್ಲ, ಅವ್ರಿಗೇ ತೋರಿಸ್ಬಿಡೋಣ" ಎಂದಳು. ಡಾಕ್ಟ್ರು ಬೆಂಗಳೂರಿಗೆ ಹೋಗಿದ್ದಾರೆ ಎಂದೆ. ಬಂದ ಮೇಲೆ ಹೋಗೋಣ ಎಂದಳು. ವಯಸ್ಸಾದವರಿಗೆ ಮಾಡಲ್ಲ ಎಂದೆ. ಕೇಳಿ ನೋಡೋಣ ಎಂದಳು. ಆ ವಾರ ನೋಟ್‌ಬುಕ್ಕಿನಲ್ಲಿ ಹಾಳೆ ಸಾಲಲಿಲ್ಲ, ಮೂರು ಗಂಟೆ ಎರಡಕ್ಕೇ ಆಗತೊಡಗಿತು.

ಮೂವರೂ ಹೋದೆವು. ಮೆಟ್ಟಿಲ ಬುಡದಲ್ಲಿ 'ಆಪ್ತ ಸಮಾಲೋಚನೆ' ಎಂಬ ಬೋರ್ಡಿನ ಮುಂದೆ ನಾನು ಬೆವೆತು ನಿಂತೆ. ಹೆಂಡತಿ ಬೋರ್ಡು ಓದಿದಳು, ನನ್ನ ಮುಖ ಓದಿದಳು.

"ಅಲ್ಲ ಮಾರಾಯ್ರೆ, ಅಮ್ಮಂಗೆ ಹಲ್ಲೆಲ್ಲಿದೆ? ಕಟ್ಟಿಸಿದ ಸೆಟ್ಟು. ದಿನಾ ರಾತ್ರಿ ಲೋಟದಲ್ಲಿ ಹಾಕಿಡೋದು ನೀವೇ ನೋಡ್ತಿರ್ತೀರಿ."

ನೋಡುತ್ತಿದ್ದೆ. ಆಗಬಹುದಾದ ಅನಾಹುತಗಳನ್ನೆಲ್ಲ ವಾರವಿಡೀ ಎಣಿಸಿದವನಿಗೆ ಲೋಟದಲ್ಲಿದ್ದ ಇಡೀ ಹಲ್ಲಿನ ಸೆಟ್ಟು ಕಂಡಿರಲಿಲ್ಲ.

"ಬಜ್ಜಿ ತಿಂದು ಅಂಗಿಗೆ ಎಣ್ಣೆ ಒರೆಸ್ಕೊಂಡು ಬರೋ ರೂಟ್ ಕೆನಾಲ್ ಯಾವ್ದು ಅಂತ ಮೊದಲ್ನೇ ವಾರನೇ ಅನ್ನಿಸ್ತು. ಪುಸ್ತಕ ದಿಂಬಿನ ಕೆಳಗೇ ಇತ್ತು, ಮೊದಲ್ನೇ ಹಾಳೆ ಓದಿ ಅಲ್ಲೇ ಇಟ್ಟೆ. ಅಪ್ಪ ಹೋದ ಮೇಲೆ ಅಮ್ಮನೂ ನಿದ್ದೆ ಮಾಡಲ್ಲ. ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸಿದ್ರೆ ಆಯ್ತು ಅಂತ."

"ಮತ್ತೆ ಇಷ್ಟು ವಾರ ಗಂಜಿ ಯಾಕೆ ಕೊಟ್ಟೆ?"

"ಸುಳ್ಳು ಹೇಳ್ದೋರಿಗೆ ಮತ್ತೇನು ಕಡುಬು ಕೊಡ್ಲಾ?"

ಒಂದೇ ಮನೆಯ ಇಬ್ಬರನ್ನು ತಾನೇ ನೋಡುವುದು ಸರಿಯಲ್ಲ ಎಂದು ಮೇಡಂ ಅತ್ತೆಯನ್ನು ಪಕ್ಕದ ಕೋಣೆಯ ಸಹೋದ್ಯೋಗಿಗೆ ಒಪ್ಪಿಸಿದರು. ಅಷ್ಟರಲ್ಲಿ ಹೆಂಡತಿ ದುರ್ಗಿಗುಡಿಗೆ ಹೋಗಿ ಸೀರೆ ನೋಡಿಕೊಂಡು ಬಂದಳು. ಮೂವರಲ್ಲಿ ಹೆಚ್ಚು ನೆಮ್ಮದಿಯಿಂದ ಹಿಂತಿರುಗಿದವಳು ಅವಳೇ ಎಂದು ನನ್ನ ಅನಿಸಿಕೆ.

ಈಗ ನಾನು, ಅತ್ತೆ ಒಟ್ಟಿಗೇ ಹೋಗುತ್ತೇವೆ. ನನ್ನ ನಿದ್ದೆ ಪರವಾಗಿಲ್ಲ. ಮೂರಕ್ಕೆ ಎಚ್ಚರವಾದರೂ ಅಮಾನತಿನ ತನಕ ಹೋಗುವುದಿಲ್ಲ, ವಿಚಾರಣೆಯಲ್ಲೇ ಮಗ್ಗಲು ಬದಲಿಸುತ್ತೇನೆ. ತೊಂದರೆ ಪಕ್ಕದ ಕೋಣೆಯದ್ದು. ನಾನಿಲ್ಲಿ ಅಪ್ಪನ ವಿಷಯ ಹೇಳುತ್ತಿರುವಾಗ ಗೋಡೆಯಾಚೆಯಿಂದ ನಗು ಕೇಳಿಸುತ್ತದೆ. ಹೋದ ವಾರ ತಡೆಯಲಾರದೆ, "ಅಲ್ಲಿ ನನ್ನ ವಿಷಯ ಏನಾದ್ರೂ..." ಎಂದೆ. "ನಂಗೆ ಗೊತ್ತಿಲ್ಲ ಸರ್. ಗೊತ್ತಿದ್ರೂ ಹೇಳೋ ಹಾಗಿಲ್ಲ. ನೀವೇ ಓದಿ ಸಹಿ ಹಾಕಿದೀರಿ" ಎಂದರು ಮೇಡಂ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಚೀಲದಿಂದ ನೋಟ್‌ಬುಕ್ ತೆಗೆದು ಬರೆಯುತ್ತಿದ್ದರು. ನನ್ನ ಹಾಗೆ ಕೊನೇ ಗಳಿಗೆಯ ಗಡಿಬಿಡಿ ಅಲ್ಲ, ಅಂದಿನದು ಅಂದಿಗೇ. ಓರೆಗಣ್ಣಿನಲ್ಲಿ ನೋಡಿದೆ. ಮೊದಲನೇ ಕಾಲಮ್ಮಿನಲ್ಲಿ 'ಅಳಿಯಂದಿರು' ಎಂದಿತ್ತು. ಭಯ, ನೂರಕ್ಕೆ ಎಷ್ಟು ಎನ್ನುವ ಕಡೆಗೆ ಕಣ್ಣು ಹೊರಳಿಸುವಷ್ಟರಲ್ಲಿ ಅತ್ತೆ ಸೆರಗು ಎಳೆದು ಮುಚ್ಚಿಕೊಂಡರು.

"ನೋಡ್ಬಾರ್ದಂತೆ ಅಳಿಯಂದ್ರೆ. ಕಾನೂನಿದೆಯಂತೆ."