ಭಾನುವಾರದ ಕೆಂಡಾಧಿಪತಿ

ವಾರದ ಆರು ದಿನ ಅಡುಗೆಮನೆಯ ಹೊಸ್ತಿಲು ದಾಟದೆ, ಭಾನುವಾರ ಮಾತ್ರ ತಾರಸಿಯ ಮೇಲೆ ಮೀನು ಸುಡಲು ನಿಲ್ಲುವ ಯಜಮಾನನೇ ಕೆಂಡಾಧಿಪತಿ. ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಈ ಜಾತಿ ಹೇರಳ. ಸೋಮವಾರ ಮಾದಪ್ಪನ ವಾರ, ಅಂದು ಮೀನಿನ ಸುದ್ದಿಯಿಲ್ಲ. ಶ್ರಾವಣದಲ್ಲಿ ಸುದ್ದಿ ಮಾತ್ರ ಇರುತ್ತದೆ.

ದಿನಚರಿ ಮೀನಂಗಡಿಯಿಂದ ಶುರು. ಕೆರೆಯದೋ, ಡ್ಯಾಮಿನದೋ ಎಂಬ ವಿಚಾರಣೆ ಮೊದಲು. ಸುವರ್ಣಾವತಿ, ಚಿಕ್ಕಹೊಳೆ ಎಂದರೆ ಮುಖ ಅರಳುತ್ತದೆ. ಗುಂಡ್ಲುಪೇಟೆಯವನಾದರೆ ಕೇರಳದಿಂದ ಬರುವ ಬಂಗುಡೆಯನ್ನೂ ತಡವುತ್ತಾನೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಗೇಟು ತೆಗೆದದ್ದು ಎಷ್ಟೊತ್ತಿಗೆ, ಗಾಡಿ ಬಂದದ್ದು ಎಷ್ಟೊತ್ತಿಗೆ ಎಂದು ಕೂಡಿ ಕಳೆದು ಮೀನಿನ ವಯಸ್ಸು ಹೇಳುತ್ತಾನೆ. ಕಿವಿರು ಕೆಂಪಗಿದೆಯೇ, ಒತ್ತಿದ ಗುಳಿ ಮೇಲೇಳುತ್ತದೆಯೇ ಎಂದು ನೋಡಿದರೆ ಸಾಕು; ಆದರೆ ಅದಕ್ಕೆ ಗಣಿತ ಬೇಡವಲ್ಲ.

ಸುಡುವುದಕ್ಕೆ ಬಂಗುಡೆ ವಾಸಿ. ಮೈಯಲ್ಲೇ ಕೊಬ್ಬಿರುವುದರಿಂದ ಒಣಗುವುದಿಲ್ಲ. ಎಣ್ಣೆ ಸವರುತ್ತಿದ್ದರೆ ಕೈಯಗಲದ ಜಿಲೇಬಿ ಮೀನೂ ಆದೀತು. ಕಾಟ್ಲಾ ಸಾರಿನ ಮೀನು; ಸುಟ್ಟು ಬಡಿಸಿದರೆ ಸಣ್ಣ ಮುಳ್ಳು ಹೆಕ್ಕುವುದರಲ್ಲೇ ಊಟ ಮುಗಿಯುತ್ತದೆ. ಇಷ್ಟೆಲ್ಲ ವಿಚಾರಣೆಯಾದ ಮೇಲೆ ಅವನು ಕೊಳ್ಳುವುದು ಕಾಟ್ಲಾವನ್ನೇ. ಫೋಟೊದಲ್ಲಿ ದೊಡ್ಡದಾಗಿ ಕಾಣುತ್ತದೆ.

ಮೊಬೈಲಿನಲ್ಲಿ ನೋಡಿದ್ದಕ್ಕೆಲ್ಲ ಒಂದೊಂದು ಪೊಟ್ಟಣ ಮಸಾಲೆಯೂ ಜೊತೆಗೆ ಬರುತ್ತದೆ. ಮನೆಯಾಕೆ ಕೇಳುವುದು ಉಪ್ಪು, ಈ ಸೀಮೆಯಲ್ಲೇ ಬೆಳೆಯುವ ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಖಾರದಪುಡಿ, ಒಂದು ನಿಂಬೆಹಣ್ಣು. ತೊಳೆದ ಮೀನಿನ ನೀರು ಚೆನ್ನಾಗಿ ಒರೆಸಿ, ಎರಡೂ ಮಗ್ಗುಲಿಗೆ ಓರೆಯಾಗಿ ಗೀರಿ, ಗೀರಿನೊಳಕ್ಕೆ ಮಸಾಲೆ ಮೆತ್ತಿ ಅರ್ಧ ಗಂಟೆ ಇಟ್ಟರಾಯಿತು. ಹುಳಿಯಲ್ಲಿ ಹೆಚ್ಚು ಹೊತ್ತು ನೆಂದರೆ ಮಾಂಸ ಬಿಗಿ ಕಳೆದುಕೊಳ್ಳುತ್ತದೆ. ಯಜಮಾನನ ಪ್ರಕಾರ ಶನಿವಾರವೇ ನೆನೆಹಾಕಬೇಕಿತ್ತು.

ತೆಂಗಿನ ಕರಟದ ಬೆಂಕಿ ಉರಿ ಅಡಗಿ, ಕೆಂಡದ ಮೇಲೆ ಬೂದಿ ಕಟ್ಟಿದಾಗ ಹದ. ಕೆಂಡಾಧಿಪತಿ ಉರಿ ಕುಣಿಯುವಾಗಲೇ ಮೀನಿಡುತ್ತಾನೆ. ಕಾಯಿಸಿ ಎಣ್ಣೆ ಸವರಬೇಕಾದ ಕಂಬಿಬಲೆಯನ್ನು ಹಸಿಯಾಗೇ ಬಳಸುತ್ತಾನೆ. ಇವೆರಡನ್ನೂ ಕ್ಷಮಿಸಬಹುದು. ಅಸಲು ದೋಷವೆಂದರೆ, ಅವನು ಮೀನನ್ನು ಅದರ ಪಾಡಿಗೆ ಬಿಡಲಾರ. ಅರೆನಿಮಿಷಕ್ಕೊಮ್ಮೆ ಇಕ್ಕಳ ಹಾಕಿ ಎತ್ತುತ್ತಾನೆ, ಚರ್ಮ ಕಂಬಿಗೆ ಕಚ್ಚಿಕೊಂಡು ಹರಿಯುತ್ತದೆ. ಮೆಟ್ಟಿಲಿನಿಂದ ಮನೆಯಾಕೆಯ ದನಿ: “ಅದ ಒಂದ್ಗಳಿಗ ಬುಟ್ಬುಡಿ, ತಾನಾಗೇ ಬುಡ್ತದ.” ಮಾತು ನಿಜ. ಚರ್ಮ ಗರಿಗರಿಯಾದೊಡನೆ ಮೀನು ಕಂಬಿಯನ್ನು ಬಿಟ್ಟುಕೊಡುತ್ತದೆ. ಬಂಗುಡೆಗೆ ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಸಾಕು. ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಬಿಡಿಸಿಕೊಂಡರೆ ಬೆಂದಿದೆ ಎಂದರ್ಥ.

ಚೂರುಚೂರಾದ ಕಾಟ್ಲಾ ಸಂಜೆಗೆ ಹುಣಸೆಹುಳಿಯ ಸಾರು ಸೇರುತ್ತದೆ. ಸಾರು ಬಹಳ ಚೆನ್ನಾಗಿರುತ್ತದೆ. ಅದಕ್ಕೆ ಕಾರಣ ತನ್ನ ಕೆಂಡದ ಹೊಗೆಯೇ ಎಂದು ಯಜಮಾನ ಆಫೀಸಿನಲ್ಲಿ ವಿವರಿಸುತ್ತಾನೆ.