‘ಸೆಟ್’ ಪದಚ್ಯುತಿ: ಒಂದು ಮೇಲ್ಮನವಿ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಮಹಾಶಯರಿಗೆ,

ಕನ್ನಡ ನಾಡಿನಿಂದ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

1989ರಲ್ಲಿ ತಾವು 20 ಸಂಪುಟಗಳ ಎರಡನೇ ಆವೃತ್ತಿ ತಂದಾಗ ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಎಂಬ ಪುಟ್ಟ ಕ್ರಿಯಾಪದಕ್ಕೆ. 430 ಅರ್ಥ, ಸುಮಾರು 60,000 ಪದಗಳ ವಿವರ. ಒಂದು ಕಾದಂಬರಿಯೇ ಆಯಿತು. ಆಮೇಲೆ ಪರಿಷ್ಕರಣೆಗೆ ಕೂತವರು ‘ರನ್’ ಕ್ರಿಯಾಪದಕ್ಕೆ 645 ಅರ್ಥ ಹುಡುಕಿ ಅದಕ್ಕೆ ಪಟ್ಟ ಕಟ್ಟಿದಿರಿ. ಎಣಿಸುವಾಗ ನಮ್ಮ ಕಡೆಗೆ ಒಬ್ಬರನ್ನಾದರೂ ಕಳಿಸಬೇಡವೇ?

ಕಳಿಸಿದ್ದರೆ ಮೊದಲು ಹೋಟೆಲಿಗೆ ಕರೆದೊಯ್ಯುತ್ತಿದ್ದೆವು. ತಟ್ಟೆಯಲ್ಲಿ ಒಂದರ ಮೇಲೊಂದು ಮೂರು ದೋಸೆ. ಮೈತುಂಬ ತೂತು, ಸಾಗು ಬಿದ್ದ ಕಡೆ ಅದನ್ನು ಹೀರಿಕೊಂಡು ಇನ್ನಷ್ಟು ಮೆತ್ತಗಾದವು. ಇದು ಸೆಟ್ ದೋಸೆ. ಒಂಟಿಯಾಗಿ ಬಂದರೆ ಖಾಲಿ ದೋಸೆ. ಸಪ್ಲೈಯರ್ ‘ಎರಡು ಸೆಟ್, ಒಂದು ಖಾಲಿ’ ಎಂದು ಕೂಗಿದಾಗ ಇಂಗ್ಲಿಷೂ ಉರ್ದುವೂ ಒಂದೇ ಕಾವಲಿಯ ಮೇಲೆ ಬೇಯುತ್ತವೆ. ತಡವಾಗಿ ಹೋದರೆ ಸೆಟ್ ದೋಸೆ ಖಾಲಿ, ಖಾಲಿ ದೋಸೆಯೂ ಖಾಲಿ.

ಮದುವೆಗೆ ಬ್ಯಾಂಡ್‌ಸೆಟ್, ಜಾತ್ರೆಗೆ ಮೈಕ್‌ಸೆಟ್, ಹೊಲಕ್ಕೆ ಪಂಪ್‌ಸೆಟ್. ಈ ಪಂಪ್‌ಸೆಟ್ 10 ಎಚ್‌ಪಿ ಒಳಗಿದ್ದರೆ ಅದರ ಕರೆಂಟ್ ಬಿಲ್ಲನ್ನು ಸರ್ಕಾರವೇ ಕಟ್ಟುತ್ತದೆ. ಇಂಥ ರಾಜಮರ್ಯಾದೆ ತಮ್ಮ ‘ರನ್’ಗೆ ಎಲ್ಲಿ ಸಿಕ್ಕಿದೆ? (ಆ ಕರೆಂಟು ಬರುವುದು ಊರೆಲ್ಲ ಮಲಗಿದ ಮೇಲೆ ಎನ್ನುವುದು ಬೇರೆ ಮಾತು.)

ಗುಂಪು ಎಂಬ ಅರ್ಥದ ‘ಸೆಟ್’ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಫ್ರೆಂಚಿನ ಮೂಲಕ ಬಂದದ್ದು, ಕ್ರಿಯಾಪದದ ‘ಸೆಟ್’ ಹಳೆಯ ಇಂಗ್ಲಿಷಿನ ‘ಸೆಟ್ಟನ್’, ಅಂದರೆ ಕೂರಿಸು, ಎಂಬುದರಿಂದ ಬಂದದ್ದು ಎನ್ನುತ್ತೀರಿ. ಇರಲಿ, ನಾವು ಗೋತ್ರ ಕೇಳುವುದಿಲ್ಲ, ದುಡಿದರೆ ಸಾಕು. ಕೆಲಸ ಸಿಕ್ಕಿದರೆ ಲೈಫ್ ಸೆಟ್. ಅಂಗಿ ಸೆಟ್ ಆಗುತ್ತದೆ, ಹೊಸ ಊರಿನ ನೀರು ಸೆಟ್ ಆಗುವುದಿಲ್ಲ, ಅತ್ತೆ ಸೊಸೆಗಂತೂ ಸೆಟ್ ಆಗೋದೇ ಇಲ್ಲ. ಇಷ್ಟನ್ನೂ ಒಬ್ಬನೇ ನಿಭಾಯಿಸುವಾಗ ಹಳೆಯ ನೌಕರರು ಏಕೆ? ಎಲ್ಲರಿಗೂ ಸ್ವಯಂನಿವೃತ್ತಿ ಕೊಟ್ಟೆವು. ನೀರು ಒಗ್ಗುತ್ತಿತ್ತು, ಬಣ್ಣ ಒಪ್ಪುತ್ತಿತ್ತು, ಜಾತಕ ಕೂಡಿಬರುತ್ತಿತ್ತು. ಒಂದೊಂದಕ್ಕೂ ಒಂದೊಂದು ಪದ ಇಟ್ಟುಕೊಂಡು ಸಾಕುವ ದುಂದು! ವ್ಯಾಪಾರ, ಸಂಬಂಧ, ಕಾಯಿಲೆ ಬಿದ್ದವರ ಆರೋಗ್ಯ ಮೂರನ್ನೂ ನೋಡಿಕೊಳ್ಳುತ್ತಿದ್ದ ‘ಕುದುರು’ ಈಗ ಜಗಲಿಯ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದೆ. ಪಿಂಚಣಿಯನ್ನು ತಾವು ಕೊಡುತ್ತೀರೋ, ನಾವು ಕೊಡಬೇಕೋ ಎಂಬುದಷ್ಟೇ ಇತ್ಯರ್ಥವಾಗಬೇಕು.

ತಮ್ಮಿಂದ ಒಂದು ಸಂಗತಿ ಮುಚ್ಚಿಡಬಾರದು. ಗಣೇಶನ ಹಬ್ಬಕ್ಕೆ ನಮ್ಮ ಬೀದಿ ಹುಡುಗರು ಪೆಂಡಾಲ್ ಸೆಟ್ ಮಾಡುತ್ತಾರೆ, ಸೌಂಡ್ ಸೆಟ್ ಮಾಡುತ್ತಾರೆ, ಕಂಬದಿಂದ ಕಂಬಕ್ಕೆ ಸೀರಿಯಲ್ ಸೆಟ್ ಎಳೆಯುತ್ತಾರೆ. ಚಂದಾ ಪುಸ್ತಕ ಹಿಡಿದು ಬಾಗಿಲಿಗೆ ಬಂದಾಗ ಮಾತ್ರ, ‘ಅಂಕಲ್, ಗಣಪತಿ ಕೂರಿಸ್ತಿದೀವಿ’ ಅನ್ನುತ್ತಾರೆ. ‘ಸೆಟ್ ಮಾಡ್ತಿದೀವಿ’ ಎಂದರೆ ಹತ್ತು ರೂಪಾಯಿಯೂ ಹುಟ್ಟಲಿಕ್ಕಿಲ್ಲ. ದಸರೆಯ ಗೊಂಬೆಗಳದ್ದೂ ಇದೇ ಹಟ, ಅವನ್ನು ಕೂರಿಸಲೇಬೇಕು. ಕೂರಿಸುವುದಕ್ಕೆಂದೇ ಹುಟ್ಟಿದ ಪದಕ್ಕೆ ಇಲ್ಲಿ ಸಿಗದೆ ಹೋದದ್ದು ಆ ಕೆಲಸವೇ. ಬೇಕಾದರೆ ಅದೊಂದನ್ನು 430ರಲ್ಲಿ ಕಳೆದುಕೊಳ್ಳಿ. ಮಿಕ್ಕ ಕೊರತೆ ತುಂಬಿಕೊಡುವ ಹೊಣೆ ನಮ್ಮದು.

‘ರನ್’ ಬೇಜಾರು ಮಾಡಿಕೊಳ್ಳುವುದು ಬೇಡ. ಕ್ರಿಕೆಟ್ಟಿನಲ್ಲೂ ಥಿಯೇಟರಿನ ಐವತ್ತು ದಿನಗಳಲ್ಲೂ ಅದಕ್ಕೆ ಕೈತುಂಬ ಕೆಲಸವಿದೆ. ‘ಸೆಟ್’ ಅನ್ನು ಮತ್ತೆ ಪಟ್ಟಕ್ಕೇರಿಸಿ, ಮುಹೂರ್ತ ತಿಳಿಸಿ. ಬ್ಯಾಂಡ್‌ಸೆಟ್ ನಮ್ಮ ಕಡೆಯಿಂದ.

ಇತಿ,
ತಮ್ಮ ವಿಧೇಯ
ಒಬ್ಬ ಕನ್ನಡಿಗ